ನಿದ್ದೆಗೆಂದು ತೇದ ಜಾಯಿಕಾಯಿ

ನಮ್ಮೂರು ನಂದಗುಡಿಯಿಂದ ಎರಡು ಮೈಲಿ ಒಳಗಿದೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿನ ಅಂಗನವಾಡಿಯಲ್ಲಿ ನಾನು ಟೀಚರ್. ಬಸುರಿ ಬಾಣಂತಿಯರನ್ನು ಕೂರಿಸಿಕೊಂಡು, ಆರು ತಿಂಗಳು ತುಂಬುವ ತನಕ ಕೂಸಿಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ಜೇನುತುಪ್ಪ ಬೇಡ, ನೀರೂ ಬೇಡ ಎಂದು ಚಾರ್ಟು ತೋರಿಸಿ ಹೇಳುವುದು ನನ್ನ ಕೆಲಸ. ಹಾಗೆ ಹೇಳುತ್ತಿದ್ದವಳು ನನ್ನ ಮನೆಯಲ್ಲೇ ಏನು ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ. ಮುಟ್ಟು ನಿಲ್ಲುವ ಕಾಲದಲ್ಲಿ ನಿದ್ದೆ ಬಾರದೆ, ತನಗೆ ತಲೆ ಕೆಡುತ್ತಿದೆಯೇನೋ ಎಂದು ಒಬ್ಬಳೇ ಹೆದರಿಕೊಂಡು ಕೂತ ಹೆಂಗಸು ಎಲ್ಲಾದರೂ ಇನ್ನೊಬ್ಬಳು ಇದ್ದೇ ಇರುತ್ತಾಳೆ. ಅವಳು ಇದನ್ನು ಓದಲಿ.

ನಲವತ್ತೆಂಟು ತುಂಬುವ ಹೊತ್ತಿಗೆ ನನ್ನ ಮುಟ್ಟು ಅಡ್ಡಾದಿಡ್ಡಿಯಾಯಿತು. ಎರಡು ತಿಂಗಳು ಬರುವುದಿಲ್ಲ, ಮೂರನೆಯ ತಿಂಗಳು ಬಂದರೆ ನಿಲ್ಲುವುದಿಲ್ಲ. ಎಲ್ಲರಿಗೂ ಆಗುವುದೇ ತಾನೇ ಎಂದುಕೊಂಡೆ. ಆಮೇಲೆ ಬಿಸಿ ಶುರುವಾಯಿತು. ಹೊಟ್ಟೆಯಿಂದ ಎದ್ದು ಕುತ್ತಿಗೆ, ಕಿವಿ, ನೆತ್ತಿಗೆ ಏರುವ ಬಿಸಿ. ಎರಡು ನಿಮಿಷಕ್ಕೆ ರವಿಕೆ ಒದ್ದೆಯಾಗುತ್ತಿತ್ತು, ಅದರ ಹಿಂದೆಯೇ ಚಳಿ. ಕೊನೆಗೆ ನಿದ್ದೆಯೂ ಹೋಯಿತು. ಹತ್ತಕ್ಕೆ ಮಲಗಿದರೆ ಒಂದಕ್ಕೆ ಎಚ್ಚರ; ಅಲ್ಲಿಂದ ಹಸುವಿನ ಹಾಲು ಕರೆಯುವ ಹೊತ್ತಿನವರೆಗೆ ಜಂತೆ ನೋಡಿಕೊಂಡು ಬಿದ್ದಿರುವುದು. ನಮ್ಮ ಯಜಮಾನರಿಗೆ ಹೇಳಿದೆ.

"ಚಿಂತೆ ಇಲ್ದೋನ್ಗೆ ಸಂತೇಲೂ ನಿದ್ದೆ ಅಂತಾರೆ. ನಿಂಗೇನ್ ಚಿಂತೆ ಈಗ? ಮಗಳ ಮದ್ವೆ ಮುಗೀತು" ಎಂದು ನಕ್ಕರು. ಅವರು ಕೆಟ್ಟವರಲ್ಲ. ತೋಟದ ಹೀರೇಕಾಯಿಗೆ ಹುಳ ಬಿದ್ದರೆ ಅವರಿಗೂ ನಿದ್ದೆ ಬರುವುದಿಲ್ಲ. ಅಷ್ಟು ಗಟ್ಟಿಯಾದ ಕಾರಣ ನನ್ನ ಬಳಿ ಇರಲಿಲ್ಲ, ಅಷ್ಟೇ.

ಒಂದು ಚಿಂತೆ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ತಾಯಿಯ ಅಕ್ಕ, ನಮ್ಮ ದೊಡ್ಡಮ್ಮ, ಇದೇ ವಯಸ್ಸಿನಲ್ಲಿ ನಿದ್ದೆಗೆಟ್ಟವಳು. ಮೊದಮೊದಲು ಸರಿರಾತ್ರಿಯಲ್ಲಿ ಎದ್ದು ಅಂಗಳ ಗುಡಿಸುತ್ತಿದ್ದಳಂತೆ. ಆಮೇಲೆ ಒಲೆಯ ಮೇಲೆ ಇಟ್ಟಿದ್ದನ್ನು ಮರೆತಳು, ಕರೆದರೆ ಓಗೊಡದಾದಳು, ಒಬ್ಬಳೇ ಮಾತಾಡಿಕೊಂಡಳು. ತಲೆ ಕೆಟ್ಟಿದೆ ಎಂದು ಮನೆಯವರು ತೀರ್ಮಾನಿಸಿ ಹಿಂದಿನ ಕೋಣೆಯಲ್ಲಿ ಬಿಟ್ಟು ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಬೇಸಿಗೆ ರಜೆಗೆಂದು ಅಲ್ಲಿಗೆ ಹೋದಾಗ ನನಗೆ ಒಂಬತ್ತು ವರ್ಷ. ಮಜ್ಜಿಗೆ ಲೋಟವನ್ನು ಒಳಗಿಟ್ಟು ಬಂದು ನಾನೇ ಎಷ್ಟೋ ಸಲ ಆ ಚಿಲಕ ಹಾಕಿದ್ದೇನೆ. "ಒಸಿ ಹೊತ್ತು ತೆಗ್ದಿಡೇ ಪುಟ್ಟಿ" ಎಂದು ಅವಳು ಕೇಳುತ್ತಿದ್ದಳು. ನಾನು ಓಡಿಬಿಡುತ್ತಿದ್ದೆ. ಆ ಕೋಣೆಯಿಂದ ಅವಳನ್ನು ಹೊರಗೆ ತಂದದ್ದು ಸತ್ತ ಮೇಲೆಯೇ.

ಹಾಗಾಗಿ ಅಂಗನವಾಡಿಯಲ್ಲಿ ಹಾಜರಿ ಪುಸ್ತಕ ಎಲ್ಲಿಟ್ಟೆ ಎಂದು ಮರೆತರೂ ಎದೆ ಧಸಕ್ಕೆನ್ನುತ್ತಿತ್ತು. ಮಕ್ಕಳಿಗೆ ಹಾಡು ಹೇಳಿಕೊಡುತ್ತಾ ಮುಂದಿನ ಸಾಲು ಬಾರದೆ ನಿಂತರೆ ಮಕ್ಕಳು ನಗುತ್ತಿದ್ದವು, ನಾನು ಬೆವರುತ್ತಿದ್ದೆ. ಡಾಕ್ಟರ ಹತ್ತಿರ ಹೋಗಬೇಕೆಂದು ಅನ್ನಿಸುತ್ತಿತ್ತು. ಆದರೆ ಅವರು ತಲೆಯ ಡಾಕ್ಟರ ಬಳಿ ಹೋಗಿ ಎಂದು ಚೀಟಿ ಬರೆದುಬಿಟ್ಟರೆ? ಊರಿಗೆ ಗೊತ್ತಾದರೆ ತಾಯಂದಿರು ನನ್ನ ಹತ್ತಿರ ಮಕ್ಕಳನ್ನು ಬಿಡುತ್ತಾರಾ? ಅದಕ್ಕಿಂತ ಮನೆಮದ್ದೇ ವಾಸಿ ಎಂದುಕೊಂಡೆ.

ಮನೆಮದ್ದಿಗೆ ನಮ್ಮ ಅತ್ತೆಯವರು ಇದ್ದರು. ಎಪ್ಪತ್ತಾರು ವರ್ಷ, ಈಗಲೂ ಕನ್ನಡಕವಿಲ್ಲದೆ ಅವರೆಕಾಯಿಯ ಹುಳ ಹುಡುಕುತ್ತಾರೆ. "ಉಷ್ಣ ಕಣೇ ಗೌರಿ, ಇನ್ನೇನಿಲ್ಲ" ಎಂದು ನೆತ್ತಿಗೂ ಅಂಗಾಲಿಗೂ ಹರಳೆಣ್ಣೆ ತಿಕ್ಕಿದರು. ಬೋರಿನ ತೊಟ್ಟಿಯ ಪಕ್ಕ ಬೆಳೆದ ಒಂದೆಲಗ ತಂದು ಚಟ್ನಿ ಅರೆದರು. ಗಸಗಸೆ ಪಾಯಸ ಮಾಡಿದರು. ಪಾಯಸ ಕುಡಿದು ಯಜಮಾನರು ಕೂತಲ್ಲೇ ಉರುಳಿದರು, ಅತ್ತೆಯೂ ಗೋಡೆಗೊರಗಿ ಬಾಯಿ ತೆರೆದು ಮಲಗಿದರು, ನಾನು ಪಾತ್ರೆ ತೊಳೆದೆ. ಅಂಗನವಾಡಿಯ ಸಹಾಯಕಿ ಹೊಸಕೋಟೆಯ ಗ್ರಂಥಿಗೆ ಅಂಗಡಿಯಿಂದ ಅಶ್ವಗಂಧದ ಪುಡಿ ತಂದುಕೊಟ್ಟಳು. ಹಾಲಿಗೆ ಹಾಕಿ ಕುಡಿದೆ. ಹೊಟ್ಟೆ ಕೆಟ್ಟಿತು, ನಿದ್ದೆ ಬರಲಿಲ್ಲ.

ಕಡೆಗೆ ಅತ್ತೆ ತೇಯುವ ಕಲ್ಲನ್ನು ಇಳಿಸಿದರು. ಅಂಗೈ ಅಗಲದ ಕರೀ ಕಲ್ಲು, ನಮ್ಮ ಮನೆಯ ಮೂರು ತಲೆಮಾರಿನ ಮಕ್ಕಳಿಗೆ ಮದ್ದು ತೇದದ್ದು. ಎಳೆಗೂಸಿಗೆ ಬಜೆ, ಅಳಲೆಕಾಯಿ, ಜಾಯಿಕಾಯಿ ಒಂದೊಂದು ಸುತ್ತು ತೇದು ತಾಯಿಯ ಹಾಲಿನಲ್ಲಿ ಕಲಸಿ ನೆಕ್ಕಿಸುವುದು ನಮ್ಮ ಕಡೆ ವಾಡಿಕೆ. ಜಾಯಿಕಾಯಿ ನಿದ್ದೆಗೆ. ಸುತ್ತು ಲೆಕ್ಕ ತಪ್ಪಬಾರದು ಎನ್ನುವುದು ಅತ್ತೆಯ ಕಟ್ಟಪ್ಪಣೆ. ನನಗೆ ಹತ್ತು ಸುತ್ತು ತೇದು ಹಾಲಿಗೆ ಹಾಕಿಕೊಟ್ಟರು. ಆ ರಾತ್ರಿ ನಾಲ್ಕು ಗಂಟೆ ನಿದ್ದೆ ಬಂತು. ಬೆಳಿಗ್ಗೆ ಎದ್ದು ಅತ್ತೆಯ ಕಾಲಿಗೆ ಬೀಳಬೇಕೆನಿಸಿತು.

ವಾರ ಕಳೆಯುವುದರಲ್ಲಿ ಹತ್ತು ಸುತ್ತು ಸಾಲದಾಯಿತು. ಹದಿನೈದು ಮಾಡಿಕೊಂಡೆ, ಇಪ್ಪತ್ತು ಮಾಡಿಕೊಂಡೆ. ಅತ್ತೆ ನೋಡಿದರೆ ಬೈಯುತ್ತಾರೆಂದು ಒಂದು ದಿನ ಎರಡು ಜಾಯಿಕಾಯಿ ಜಜ್ಜಿ ಮಿಕ್ಸಿಗೆ ಹಾಕಿ ಪುಡಿ ಮಾಡಿ, ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿಟ್ಟು ಸಾಸಿವೆ ಡಬ್ಬದ ಹಿಂದೆ ಬಚ್ಚಿಟ್ಟೆ. ಅಡುಗೆಮನೆಯ ಸಾಮಾನು ತಾನೇ, ಏನಾಗುತ್ತದೆ ಎಂಬ ಧೈರ್ಯ. ಸುತ್ತು ಎಣಿಸುವ ಕಲ್ಲಿನಿಂದ ಚಮಚಕ್ಕೆ ಬಂದದ್ದೇ ನಾನು ಮಾಡಿದ ತಪ್ಪು.

ಅಷ್ಟರಲ್ಲಿ ಮಗಳು ಚೈತ್ರಳಿಗೆ ಹೆರಿಗೆಯಾಯಿತು, ಗಂಡು ಮಗು. ಅವಳು ದೇವನಹಳ್ಳಿಯ ಕಡೆ ಕೊರಿಯರ್ ಕಂಪನಿಯೊಂದರ ಆಫೀಸಿನಲ್ಲಿದ್ದಾಳೆ. ಅಳಿಯನಿಗೆ ಸೋಂಪುರದಲ್ಲಿ ಫ್ಯಾಕ್ಟರಿ ಕೆಲಸ. ಬಾಣಂತನಕ್ಕೆ ನಮ್ಮಲ್ಲಿಗೆ ಬಂದಳು. ಅತ್ತೆ ಕಲ್ಲು ತೊಳೆದು ಕೂತಾಗ ಚೈತ್ರ, "ಅಜ್ಜಿ, ಆಸ್ಪತ್ರೇಲಿ ಏನೂ ಕೊಡ್ಬೇಡಿ ಅಂದಿದಾರೆ. ಅಮ್ಮ, ನೀನೇ ಹೇಳು" ಎಂದು ನನ್ನ ಮುಖ ನೋಡಿದಳು.

"ನಿಮ್ಮಮ್ಮ ಚಾರ್ಟ್ ತೋರ್ಸ್ತಾಳೆ. ನಿನ್ನ ಸಾಕಿದ್ದು ಈ ಕಲ್ಲು ಕಣವ್ವ" ಎಂದರು ಅತ್ತೆ.

ನಾನು ಏನೂ ಹೇಳಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಒಂದು ಸುತ್ತು ತಾನೇ ಎಂದುಕೊಂಡು ಸುಮ್ಮನಾದೆ. ಚೈತ್ರಳೂ ನನ್ನ ಮೌನವನ್ನು ಒಪ್ಪಿಗೆ ಎಂದುಕೊಂಡಳು. ಟೀಚರ್ ಅಮ್ಮ ಬೇಡ ಎನ್ನಲಿಲ್ಲವಲ್ಲ.

ಮಗುವಿಗೆ ನಲವತ್ತು ದಿನವಾಗಿದ್ದಾಗ ಒಂದು ಭಾನುವಾರ ಅತ್ತೆ ನೆಂಟರ ತಿಥಿಗೆಂದು ಮಾಲೂರಿಗೆ ಹೋದರು. ಹಿಂದಿನ ಎರಡು ರಾತ್ರಿ ನಾನು ಒಂದು ಗಳಿಗೆಯೂ ಕಣ್ಣು ಮುಚ್ಚಿರಲಿಲ್ಲ. ರಜೆ ದಿನವಾದ್ದರಿಂದ ಮಗುವಿಗೆ ನೀರು ಹಾಕಿ ಮಲಗಿಸಿದ ಮೇಲೆ ನಾನೂ ಹಗಲೇ ಒಂದಿಷ್ಟು ಮಲಗೋಣ ಎಂದು ಲೆಕ್ಕ ಹಾಕಿದೆ. ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಮಗುವನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಹಾಕಿಕೊಂಡೆ. ಪಕ್ಕದಲ್ಲಿ ಎರಡು ಸ್ಟೀಲಿನ ಬಟ್ಟಲು. ಒಂದರಲ್ಲಿ ಮಗುವಿಗೆಂದು ತೇದದ್ದು. ಇನ್ನೊಂದರಲ್ಲಿ ನನಗೆಂದು ಒಂದೂವರೆ ಚಮಚ ಪುಡಿ, ಹಾಲಿನಲ್ಲಿ ಕಲಸಿದ್ದು. ಇಷ್ಟು ಚೆನ್ನಾಗಿ ನೆನಪಿದೆ.

ಆಮೇಲಿನದು ನೆನಪಿಲ್ಲ. ಮಗುವನ್ನು ತೊಟ್ಟಿಲಿಗೆ ಹಾಕಿದ್ದೇನೆ, ಬಟ್ಟಲುಗಳನ್ನು ತೊಳೆದು ಬೋರಲು ಹಾಕಿದ್ದೇನೆ. ಗೋಡೆಗೆ ಒರಗಿ ಕೂತವಳಿಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಮಂಪರು. ಹನ್ನೆರಡು ಗಂಟೆಗೆ ಚೈತ್ರ ಬಂದು, "ಇವತ್ತೇನಮ್ಮ, ಒಂಬತ್ತೂವರೆಗೆ ಮಲಗ್ದೋನು ಹಾಲಿಗೂ ಎದ್ದಿಲ್ಲ?" ಎಂದಳು.

ತೊಟ್ಟಿಲ ಹತ್ತಿರ ಹೋದೆ. ಮಗುವಿನ ಅಂಗಾಲು ಕೆರೆದೆ. ಕಾಲನ್ನು ಸ್ವಲ್ಪ ಎಳೆದುಕೊಂಡ, ಕಣ್ಣು ಬಿಡಲಿಲ್ಲ. ಆಗ ನನಗೆ ಆ ಎರಡು ಬಟ್ಟಲು ಕಣ್ಣ ಮುಂದೆ ಬಂದವು. ಯಾವುದನ್ನು ಅವನ ಬಾಯಿಗೆ ಹಾಕಿದೆ? ಎಷ್ಟು ಯೋಚಿಸಿದರೂ ಬೆರಳು ನೆನಪಾಗುತ್ತಿದೆ, ಅವನ ತುಟಿ ನೆನಪಾಗುತ್ತಿದೆ, ಬಟ್ಟಲು ನೆನಪಾಗುತ್ತಿಲ್ಲ. ಓಡಿಹೋಗಿ ಬಟ್ಟಲು ಮೂಸಿದೆ. ಎರಡರಲ್ಲೂ ಸೋಪಿನ ವಾಸನೆ.

ಒಂದು ಕ್ಷಣ ಹೇಳದೆ ಇರೋಣ ಎಂದು ಅನ್ನಿಸಿತು. ಇದನ್ನೂ ಬರೆಯಲೇಬೇಕು. ಎದ್ದೇಳುತ್ತಾನೆ, ಇನ್ನು ಹತ್ತು ನಿಮಿಷ ನೋಡೋಣ, ಹೇಳಿದರೆ ನನ್ನ ಗತಿ ಏನು ಎಂದು ಅನ್ನಿಸಿತು. ಆಮೇಲೆ ಹೇಳಿದೆ. ಬಾಟಲಿ ತಂದು ತೋರಿಸಿದೆ. ಚೈತ್ರ ಕೂಗಾಡಲಿಲ್ಲ. ಮಗುವನ್ನು ಎತ್ತಿ ಎದೆಗೆ ಅವುಚಿಕೊಂಡು, "ಅಪ್ಪನ್ನ ಕರಿ. ಗಾಡಿ ತೆಗೀಲಿ" ಎಂದಳು. ಅವಳು ನನ್ನನ್ನು ನೋಡಿದ ರೀತಿ ನನಗೆ ಗೊತ್ತಿತ್ತು. ಮಜ್ಜಿಗೆ ಲೋಟ ಹಿಡಿದು ನಾನು ದೊಡ್ಡಮ್ಮನನ್ನು ಹಾಗೆಯೇ ನೋಡುತ್ತಿದ್ದೆ.

ತರಕಾರಿ ಸಾಗಿಸುವ ನಮ್ಮ ಗಾಡಿಯಲ್ಲಿ ಹೊಸಕೋಟೆಗೆ ಹೋದೆವು. ಮುಂದೆ ಚೈತ್ರ ಮಗುವಿನೊಂದಿಗೆ ಕೂತಳು, ನಾನು ಹಿಂದೆ ಖಾಲಿ ಕ್ರೇಟುಗಳ ನಡುವೆ ಕೂತೆ. ದಾರಿಯುದ್ದಕ್ಕೂ ಅವಳ ಬೆನ್ನನ್ನೇ ನೋಡುತ್ತಿದ್ದೆ. ಅವಳ ಭುಜ ಅಲುಗಿದರೆ ಅಳುತ್ತಿದ್ದಾಳಾ, ಮಗುವಿಗೆ ಏನಾದರೂ ಆಯಿತಾ ಎಂದು ಪ್ರಾಣ ಬಾಯಿಗೆ ಬರುತ್ತಿತ್ತು. ನಾನು ಎಲ್ಲ ದೇವರನ್ನೂ ಕರೆದೆ, ಶಿವಗಂಗೆ ಬೆಟ್ಟ ಹತ್ತಿ ಬರುತ್ತೇನೆಂದು ಹರಕೆ ಹೊತ್ತೆ.

ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಚಿಕ್ಕ ವಯಸ್ಸಿನವರು. "ಎಷ್ಟು ಕೊಟ್ರಿ?" ಎಂದರು.

"ಗೊತ್ತಿಲ್ಲ ಸರ್. ಕೊಟ್ಟಿದೀನೋ ಇಲ್ವೋ ಅನ್ನೋದೂ ಗೊತ್ತಿಲ್ಲ."

"ನೀವು ಏನ್ ಕೆಲಸ ಮಾಡ್ತೀರಾ?"

"ಅಂಗನವಾಡಿ ಟೀಚರ್ ಸರ್."

ಅವರು ಅದನ್ನೂ ಚೀಟಿಯಲ್ಲಿ ಬರೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಮಗುವನ್ನು ಒಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಹಿಮ್ಮಡಿಗೆ ಸೂಜಿ ಚುಚ್ಚಿದರೇನೋ, ಕಿರುಚಿ ಅತ್ತಿದ್ದು ಕೇಳಿಸಿತು. ಮಗುವಿನ ಅಳು ಕೇಳಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಆದರೆ ನರ್ಸ್ ಬಂದು, "ಜಾಯಿಕಾಯಿ ನಿಧಾನಕ್ಕೆ ಏರುತ್ತಂತೆ. ಸಂಜೆ ತನಕ ನೋಡ್ಬೇಕು" ಎಂದು ಹೇಳಿ ಹೋದಳು. ಸಂತೋಷ ಅಲ್ಲೇ ಮುಗಿಯಿತು.

ಹೊರಗೆ ಕಬ್ಬಿಣದ ಕುರ್ಚಿಗಳ ಸಾಲು. ಯಜಮಾನರು ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ. ಗೋಡೆಯ ಟಿವಿಯಲ್ಲಿ ಯಾರೋ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದರು. ಗಂಟೆ ಎರಡಾಯಿತು. ನನ್ನ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ನೀರು ಕುಡಿದರೂ ಹೋಗದು. ಎದೆ ಹೊಡೆದುಕೊಳ್ಳುವುದು ಕಿವಿಯಲ್ಲಿ ಕೇಳುತ್ತಿತ್ತು. ನೆಲದ ಟೈಲ್ಸು ನಿಧಾನಕ್ಕೆ ಎದ್ದು ಬರುತ್ತಿರುವ ಹಾಗೆ ಕಂಡಿತು. ಇದು ಭಯಕ್ಕೆ ಎಂದುಕೊಂಡೆ. ಆಮೇಲೆ, ಇಲ್ಲ, ಬಂತು, ದೊಡ್ಡಮ್ಮನಿಗೆ ಬಂದದ್ದೇ ನನಗೂ ಬಂತು, ಇಷ್ಟು ದಿನ ಕಾಯುತ್ತಿದ್ದದ್ದು ಇವತ್ತು ಬಂತು ಎಂದುಕೊಂಡೆ. ಎದ್ದು ನಿಲ್ಲಲು ಹೋಗಿ ಕುಸಿದೆ.

ಕಣ್ಣು ಬಿಟ್ಟಾಗ ಸಂಜೆಯಾಗಿತ್ತು, ಮಂಚದ ಮೇಲಿದ್ದೆ. ಕನ್ನಡಕ ಹಾಕಿದ, ನನ್ನ ವಯಸ್ಸಿನ ಒಬ್ಬ ಡಾಕ್ಟರಮ್ಮ ನನ್ನ ನಾಡಿ ಹಿಡಿದು ನಿಂತಿದ್ದರು. ಎದೆಗೆ ತಂತಿಗಳನ್ನು ಅಂಟಿಸಿದ್ದರು. "ಬೆಳಗ್ಗೆ ಆ ಪುಡಿ ಎಷ್ಟು ಕಲಸಿದ್ರಿ?" ಎಂದು ಕೇಳಿದರು. ಹೇಳಿದೆ. ಅವರು ಬಾಗಿಲ ಬಳಿಯಿದ್ದ ಚೈತ್ರಳನ್ನು ಹತ್ತಿರ ಕರೆದರು.

"ನೋಡಮ್ಮ, ನಿನ್ನ ಮಗು ಎರಡು ಸಲ ಹಾಲು ಕುಡಿದಿದಾನೆ, ಉಚ್ಚೆ ಹೊಯ್ದಿದಾನೆ, ಚೆನ್ನಾಗಿ ಅಳ್ತಾ ಇದಾನೆ. ಆ ಬಟ್ಟಲಲ್ಲಿದ್ದಿದ್ದು ಅವನ ಹೊಟ್ಟೆಗೆ ಹೋಗಿಲ್ಲ. ಹೋಗಿರೋದು ಇವರ ಹೊಟ್ಟೆಗೆ. ಇವರ ನಾಡಿ ಹಿಡಿದ್ರೇ ಗೊತ್ತಾಗುತ್ತೆ."

ನನ್ನ ಎದೆ ಹಾಗೆ ಹೊಡೆದುಕೊಳ್ಳುತ್ತಿರುವುದು, ನಾಲಿಗೆ ಒಣಗಿರುವುದು, ಎದುರಿನ ಗೋಡೆ ತೇಲುತ್ತಿರುವುದು ಎಲ್ಲ ನನ್ನ ಪಾಲಿನದೇ ಎಂದು ತಿಳಿದಾಗ ನಾನು ಅತ್ತುಬಿಟ್ಟೆ. ಇನ್ನಷ್ಟು ಹೊಡೆದುಕೊಳ್ಳಲಿ ಎನ್ನಿಸಿತು. ಚೈತ್ರ ಅಳಲಿಲ್ಲ. "ಅಂದ್ರೆ ಅವನಿಗೆ ಕೊಟ್ಟಿದ್ದು ಒಂದು ಸುತ್ತಿಂದು ಅಷ್ಟೇನಾ?" ಎಂದು ಕೇಳಿದಳು. ಡಾಕ್ಟರಮ್ಮ, "ಅದೂ ಬೇಡಮ್ಮ. ಇನ್ನು ಆ ಕಲ್ಲು ಮಗು ಹತ್ರ ತರ್ಬೇಡಿ" ಎಂದರು. ಚೈತ್ರ ತಲೆಯಾಡಿಸಿ ಹೊರಟುಹೋದಳು. ನನ್ನನ್ನು ಮುಟ್ಟಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಮುಟ್ಟುತ್ತಿರಲಿಲ್ಲ.

ಒಂದು ರಾತ್ರಿ ನನ್ನನ್ನು ಅಲ್ಲೇ ಉಳಿಸಿಕೊಂಡರು. ಬೆಳಿಗ್ಗೆ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತು, ಎಷ್ಟು ದಿನದಿಂದ ಹೀಗೆ ಎಂದು ಕೇಳಿದಾಗ ಎಲ್ಲ ಹೇಳಿದೆ. ಬಿಸಿ, ಬೆವರು, ಹತ್ತು ತಿಂಗಳಿನ ನಿದ್ದೆಗೇಡು, ದೊಡ್ಡಮ್ಮ, ಚಿಲಕ. ಅಷ್ಟು ಹೊತ್ತು ನನ್ನ ಮಾತನ್ನು ಯಾರೂ ಕೇಳಿರಲಿಲ್ಲ. ಅಥವಾ ನಾನೇ ಯಾರಿಗೂ ಹೇಳಿರಲಿಲ್ಲ.

"ನಿಮಗೆ ಹುಚ್ಚು ಹಿಡ್ದಿಲ್ಲ. ಮುಟ್ಟು ನಿಲ್ಲೋ ಕಾಲ, ನಿದ್ದೆ ಇಲ್ಲ, ಅದರ ಮೇಲೆ ಈ ಪುಡಿ" ಎಂದರು.

"ದೊಡ್ಡಮ್ಮಂಗೆ?"

"ನೋಡದೆ ಹೇಗ್ ಹೇಳ್ಲಿ? ಆದ್ರೆ ಯಾರಾದ್ರೂ ನೋಡ್ಬೇಕಿತ್ತು ಅವರನ್ನ."

ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ನನಗೆ ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ಬರೆದುಕೊಟ್ಟರು, ಸಂಜೆಯ ಗಟ್ಟಿ ಕಾಫಿ ಬಿಡಿಸಿದರು, ತಿಂಗಳಿಗೊಮ್ಮೆ ಬರಹೇಳಿದರು. ಬಿಸಿ ಪೂರ್ತಿ ಹೋಗಿಲ್ಲ. ನಿದ್ದೆ ಕೆಲವು ದಿನ ಐದು ಗಂಟೆ, ಕೆಲವು ದಿನ ಮೂರು. ಗಸಗಸೆ ಪಾಯಸ ಕುಡಿಯಬಹುದಾ ಎಂದು ಕೇಳಿದೆ. "ಹಬ್ಬದಲ್ಲಿ ಕುಡೀರಿ, ಪಾಯಸ ಅಂತ ಕುಡೀರಿ. ಔಷಧಿ ಅಂದ್ಕೊಂಡು ಏನೇ ತಗೊಳೋದಾದ್ರೂ ನನ್ನ ಕೇಳಿ ತಗೊಳಿ" ಎಂದು ನಕ್ಕರು.

ಮನೆಗೆ ಬಂದರೆ ಅತ್ತೆ ಮಾತು ಬಿಟ್ಟಿದ್ದರು. "ನಾನು ಎಷ್ಟ್ ಮಕ್ಕಳಿಗೆ ತೇದಿದೀನಿ. ಒಂದಕ್ಕೂ ಏನೂ ಆಗ್ಲಿಲ್ಲ" ಎಂದು ಹಸುವಿನ ಮುಂದೆ ಹೇಳಿಕೊಳ್ಳುತ್ತಿದ್ದರು. ನಾಲ್ಕನೆಯ ದಿನ ಸೊಪ್ಪು ಬಿಡಿಸುತ್ತಾ ನನ್ನ ಪಕ್ಕ ಬಂದು ಕೂತರು. "ನಂಗೂ ಎರಡು ವರ್ಷ ನಿದ್ದೆ ಇರ್ಲಿಲ್ಲ ಗೌರಿ. ಕೊಟ್ಟಿಗೇಲಿ ಹೋಗಿ ಕೂತ್ಕೋತಿದ್ದೆ. ಯಾರ್ಗೆ ಹೇಳೋದು, ನಿಮ್ಮಾವ ಇದ್ದಿದ್ದೇ ಹಾಗೆ" ಎಂದರು. ಮೂವತ್ತು ವರ್ಷದಿಂದ ಒಂದೇ ಮನೆಯಲ್ಲಿ ಇದ್ದೇವೆ. ನಮಗಿಬ್ಬರಿಗೂ ಈ ಮಾತಾಡಲು ಅಷ್ಟು ಕಾಲ ಬೇಕಾಯಿತು.

ಚೈತ್ರ ಮಾತ್ರ ಮಗುವನ್ನು ನನ್ನ ಕೈಗೆ ಕೊಡಲಿಲ್ಲ. ಬಚ್ಚಲಿಗೆ ಹೋಗುವಾಗಲೂ ಅಜ್ಜಿಯ ಪಕ್ಕ ಮಲಗಿಸಿ ಹೋಗುತ್ತಿದ್ದಳು. ನೀರು ಹಾಕುವುದನ್ನು ತಾನೇ ಕಲಿತಳು. ಒಳ್ಳೆಯ ಮಾತಿನಲ್ಲೇ, "ನೀನು ರೆಸ್ಟ್ ತಗೋ ಅಮ್ಮ" ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಬಾಗಿಲಾಚೆ ನಿಂತ ಹಾಗಾಗುತ್ತಿತ್ತು. ನಾನು ಎದುರು ಆಡಲಿಲ್ಲ. ಅಂಗನವಾಡಿಯಲ್ಲಿ ಊರ ತಾಯಂದಿರ ಮುಂದೆ ನಡೆದದ್ದನ್ನೆಲ್ಲ ಹೇಳಿದೆ. ಇಬ್ಬರು ತಾಯಂದಿರು ತಮ್ಮ ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದರು. ಒಬ್ಬಳು ಎಲ್ಲರೂ ಹೋದ ಮೇಲೆ ಉಳಿದು, "ಟೀಚರ್, ನಮ್ಮತ್ತೆ ಈಗ್ಲೂ ತೇಯ್ತಾರೆ, ನೀವೇ ಬಂದು ಹೇಳಿ" ಎಂದಳು. ಹೋಗಿ ಹೇಳಿಬಂದೆ.

ಐದು ತಿಂಗಳಿಗೆ ಚೈತ್ರ ಗಂಡನ ಮನೆಗೆ ಹೋದಳು. ದಿನಾ ಫೋನು ಮಾಡುತ್ತಿದ್ದಳು, ಮಗುವಿನ ಮುಖ ತೋರಿಸುತ್ತಿದ್ದಳು. ತಮ್ಮ ಮನೆಗೆ ಮಾತ್ರ ಕರೆಯುತ್ತಿರಲಿಲ್ಲ. ಹೋದ ತಿಂಗಳು ಒಂದು ಸಂಜೆ ಫೋನು ಬಂದಾಗ ಅವಳ ದನಿ ಬೇರೆಯಾಗಿತ್ತು.

"ಅಮ್ಮ, ಸೋಮವಾರದಿಂದ ಡ್ಯೂಟಿಗೆ ಬಾ ಅಂತಿದಾರೆ. ಇಲ್ಲಿ ನಮ್ಮತ್ತೆಗೆ ಮಂಡಿ ನೋವು, ಎತ್ಕೊಳೋಕೆ ಆಗಲ್ಲ. ನೀನು ಒಂದು ತಿಂಗಳು ರಜೆ ಹಾಕಿ ಬರ್ತೀಯಾ?"

ನಾನು ಫೋನು ಹಿಡಿದುಕೊಂಡು ಅಂಗಳಕ್ಕೆ ಬಂದೆ. "ಯಾಕಮ್ಮ, ರಜೆ ಕೊಡಲ್ವಾ?" ಎಂದಳು.

"ರಜೆ ಅಲ್ಲ ಕಣೇ. ನಂಗೆ ಭಯ ಆಗುತ್ತೆ."

ಆ ಕಡೆ ಮಗು ಏನನ್ನೋ ಬಡಿಯುತ್ತಿದ್ದ ಸದ್ದು ಕೇಳುತ್ತಿತ್ತು.

"ನಂಗೂ ಆಗುತ್ತೆ ಅಮ್ಮ" ಎಂದಳು ನನ್ನ ಮಗಳು. "ಬಾ."